ಮೈ ತಾಯ್, ನನ್ನ ತಾಯಿ

ಹೋದ ವರ್ಷ ಮೈಸೂರಿನ ಒಂದು ಹೋಟೆಲ್ಲಿನ ಬಾರಿನಲ್ಲಿ ಕೂತು 'ಮೈ ತಾಯ್' ಇದೆಯಾ ಅಂತ ಕೇಳಿದೆ. ಮೆನುವಿನಲ್ಲಿತ್ತು, ಆದರೂ ಕೇಳಿದೆ. ಸಪ್ಲೈಯರ್ ಹುಡುಗ ಮೆನು ಮೇಲೆ ಬಗ್ಗಿ ನೋಡಿ, "ಮೈ ತಾಯಿ ತಾನೇ, ಇದೆ ಸಾರ್" ಅಂದ. ಹತ್ತು ನಿಮಿಷಕ್ಕೆ ಒಂದು ಎತ್ತರದ ಗ್ಲಾಸ್ ಬಂತು. ಕೆಳಗೆ ಕೆಂಪು, ಮೇಲೆ ಕೇಸರಿ, ಅದರ ಮೇಲೊಂದು ಚೆರ್ರಿ, ಚೆರ್ರಿಗೆ ನೆರಳಾಗಲಿ ಅಂತ ಪೇಪರಿನ ಕೊಡೆ. ಕುಡಿದರೆ ಪ್ಯಾಕೆಟ್ಟಿನ ಅನಾನಸ್ ಜ್ಯೂಸು, ಆಮೇಲೆ ಕೆಮ್ಮಿನ ಔಷಧಿಯಂಥ ಸಿರಪ್ಪು. ರಮ್ ಎಲ್ಲಿದೆ ಅಂತ ಹುಡುಕಬೇಕು. 550 ರೂಪಾಯಿ, ಟ್ಯಾಕ್ಸು ಬೇರೆ. ಅರ್ಧ ಬಿಟ್ಟು ಎದ್ದೆ.

ಇದನ್ನ ಓದೋರಲ್ಲಿ ಕೆಲವರಿಗೆ ಟಿಕಿ ಅಂದ್ರೆ ಆಲೂ ಟಿಕ್ಕಿ ನೆನಪಾಗಬಹುದು. ಅದಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲಿ ಹುಟ್ಟಿದ ಒಂದು ಬಗೆಯ ಬಾರು ಅದು. ಬಿದಿರು, ಹುಲ್ಲಿನ ಚಾವಣಿ, ಪೆಸಿಫಿಕ್ ದ್ವೀಪಗಳ ದೇವರ ಮುಖ ಕೆತ್ತಿದ ಕಂಬ, ಅದೇ ಮುಖದ ಪಿಂಗಾಣಿ ಲೋಟ. ಆದರೆ ಲೋಟದ ಒಳಗೆ ಇರೋದು ಪೆಸಿಫಿಕ್ಕಿನದ್ದಲ್ಲ, ಕೆರಿಬಿಯನ್ ರಮ್ಮು. ಎರಡು ಮೂರು ಬಗೆಯ ರಮ್, ಆಗಷ್ಟೇ ಹಿಂಡಿದ ನಿಂಬೆರಸ, ಮನೆಯಲ್ಲೇ ಕಾಸಿದ ಪಾಕ, ಮಸಾಲೆ, ಪುಡಿ ಮಾಡಿದ ಐಸು. ಮೈ ತಾಯ್ ಅದರಲ್ಲಿ ಹೆಸರಾದದ್ದು. 1944ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ 'ಟ್ರೇಡರ್ ವಿಕ್' ಅಂತ ಹೆಸರಾಗಿದ್ದ ವಿಕ್ಟರ್ ಬರ್ಜೆರಾನ್ ಮಾಡಿದ್ದು. 17 ವರ್ಷ ಹಳೆಯ ಜಮೈಕಾ ರಮ್, ನಿಂಬೆ, ಕಿತ್ತಳೆ ಸಿಪ್ಪೆಯ ಮದ್ಯ, ಬಾದಾಮಿ ಪಾಕ, ಕಲ್ಲುಸಕ್ಕರೆ ಪಾಕ, ಅಷ್ಟೇ. ಅನಾನಸ್ ಇಲ್ಲವೇ ಇಲ್ಲ. ಕುಡಿದ ಟಹೀಟಿಯ ಸ್ನೇಹಿತರು ಅವರ ಭಾಷೆಯಲ್ಲಿ ಚೆನ್ನಾಗಿದೆ, ಇದಕ್ಕಿಂತ ಇಲ್ಲ ಅಂದರಂತೆ. ಅದೇ ಹೆಸರಾಯ್ತು. 'ಮೈತಾಯ್' ಅಂದರೆ ಆ ಭಾಷೆಯಲ್ಲಿ ಒಳ್ಳೆಯದು.

ಈ ಒಳ್ಳೆಯದನ್ನ ಹುಡುಕಿಕೊಂಡು ನಾನು ಸುಮಾರು ನಾಲ್ಕು ತಿಂಗಳು ಮೈಸೂರು ಅಲೆದಿದ್ದೇನೆ. ಹೆಬ್ಬಾಳದ ಆಫೀಸು ಮುಗಿಸಿ ಗೋಕುಲಂ, ಕೆಆರ್‌ಎಸ್ ರೋಡು, ರಿಂಗ್ ರೋಡು, ಸಯ್ಯಾಜಿ ರಾವ್ ರೋಡಿನ ಸುತ್ತಮುತ್ತ. ಎಲ್ಲವನ್ನೂ ವರ್ಣಿಸೋದು ಬೇಡ. ಒಂದು ಕಡೆ ಮಾಕ್‌ಟೈಲಿಗೆ ಒಂದು ಪೆಗ್ ರಮ್ ಸುರಿದು ಕೊಟ್ಟರು. ಇನ್ನೊಂದು ಕಡೆ ನಿಂಬೆರಸ ಬಾಟಲಿಯಿಂದ ಬಂತು, ನಿಂಬೆಹಣ್ಣು ಎರಡು ರೂಪಾಯಿಗೆ ಸಿಗೋ ಊರಲ್ಲಿ. ನನ್ನ ಹೆಂಡತಿ, "ಇಷ್ಟು ಶ್ರದ್ಧೆಯಿಂದ ಹುಡುಕಿದ್ದರೆ ಇಷ್ಟೊತ್ತಿಗೆ ಒಂದು ಮೂಡಾ ಸೈಟು ಸಿಕ್ಕಿರೋದು" ಅಂದಳು.

ಯಾಕೆ ಹುಡುಕ್ತಿದ್ದೆ ಅಂತ ಅವಳು ಕೇಳಲಿಲ್ಲ, ಗೊತ್ತಿತ್ತು. ನಿಮಗೆ ಹೇಳಬೇಕು.

28 ವರ್ಷದವರೆಗೂ ನಾನು ಒಂದು ಹನಿ ಕುಡಿದವನಲ್ಲ. ಬಿಇ ಓದುವಾಗ ಹಾಸ್ಟೆಲ್ಲಿನಲ್ಲಿ ರೂಮಿನವರೆಲ್ಲ ಕುಡಿದಾಗ ನಾನು ವಾಂತಿ ತೊಳೆಯೋನು. 2018ರಲ್ಲಿ ಪ್ರಾಜೆಕ್ಟ್ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋದೆ. ರಿಲೀಸ್ ಮುಗಿದ ದಿನ ಟೀಮಿನವರು ಸ್ಯಾನ್ ಫ್ರಾನ್ಸಿಸ್ಕೋದ 'ಸ್ಮಗ್ಲರ್ಸ್ ಕೋವ್' ಅನ್ನೋ ಟಿಕಿ ಬಾರಿಗೆ ಎಳಕೊಂಡು ಹೋದರು. ಒಳಗೆ ಹಡಗಿನ ಹೊಟ್ಟೆಯ ಹಾಗೆ ಕತ್ತಲು, ಎಲ್ಲೋ ನೀರು ಬೀಳೋ ಸದ್ದು, ಗೋಡೆ ತುಂಬ ರಮ್ ಬಾಟಲಿ. ನನ್ನ ಮುಂದೆಯೂ ಒಂದು ಲೋಟ ಇಟ್ಟರು. ಕುಡಿಯಲ್ಲ ಅಂತ ಹೇಳೋಕೆ ಮುಂಚೆ ಮೂಗಿಗೆ ವಾಸನೆ ಬಡಿಯಿತು. ಆಲೆಮನೆಯ ವಾಸನೆ.

ನಮ್ಮೂರು ಮಂಡ್ಯ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆ ಪಕ್ಕ. ಕಟ್ಟೆ ನೀರು ಬಂದ ಮೇಲೆ ಕಬ್ಬು, ಕಬ್ಬು ಬಂದ ಮೇಲೆ ಆಲೆಮನೆ. ಚಿಕ್ಕಂದಿನಲ್ಲಿ ರಾತ್ರಿಯೆಲ್ಲ ಅಲ್ಲೇ ಮಲಗ್ತಿದ್ವಿ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಾ ಬಣ್ಣ ತಿರುಗೋದು, ಬೆಂಡೆ ಗಿಡದ ಲೋಳೆ ಹಾಕಿ ಮೇಲೆ ಬಂದ ಮಡ್ಡಿ ತೆಗೆಯೋದು, ಇನ್ನೇನು ಪಾಕ ಇಳಿಸಬೇಕು ಅನ್ನೋ ಹೊತ್ತಲ್ಲಿ ಒಂದು ವಾಸನೆ ಬರುತ್ತೆ. ಸಿಹಿ, ಅದರ ಅಂಚಲ್ಲಿ ಸ್ವಲ್ಪ ಸುಟ್ಟದ್ದು. ಅಪ್ಪ ಆ ವಾಸನೆ ಮೇಲೇ ಪಾಕ ಹೇಳ್ತಿದ್ದ, ಕೈ ಅದ್ದಿ ನೋಡ್ತಾನೇ ಇರಲಿಲ್ಲ. ಆ ಲೋಟದಲ್ಲಿ ಅದಿತ್ತು. ನನಗೆ ಮದ್ಯದಲ್ಲಿ ಅಪ್ಪನ ವಾಸನೆ ಮಾತ್ರ ಗೊತ್ತಿತ್ತು, ಆಲೆಮನೆ ಮುಂದಿನ ಅಪ್ಪನ ವಾಸನೆಯಲ್ಲ, ರಾತ್ರಿ ಒಂಬತ್ತು ಗಂಟೆಯ ಅಪ್ಪನ ವಾಸನೆ.

ಅಪ್ಪ ಕುಡೀತಿದ್ದದ್ದು ಪ್ಯಾಕೆಟ್ ಸಾರಾಯಿ. ಈಗಿನ ಹುಡುಗರು ನೋಡಿರಲಿಕ್ಕಿಲ್ಲ. ಪ್ಲಾಸ್ಟಿಕ್ ಕೊಟ್ಟೆ, ತುದಿ ಹಲ್ಲಲ್ಲಿ ಕಚ್ಚಿ ಕಿತ್ತು, ನಿಂತ ಕಾಲಲ್ಲೇ ಬಾಯಿಗೆ ಹಿಂಡಿಕೊಂಡು, ಒಂದು ಚಿಟಿಕೆ ಉಪ್ಪೋ ಉಪ್ಪಿನಕಾಯಿಯೋ ನಾಲಿಗೆಗೆ ತಿಕ್ಕಿ ಹೊರಡೋದು. ಲೋಟ ಇಲ್ಲ, ಕೂರೋಕೆ ಬೆಂಚಿಲ್ಲ. ಅಂಗಡಿ ನಡೆಸೋ ಹಕ್ಕನ್ನ ಸರ್ಕಾರವೇ ಹರಾಜು ಹಾಕ್ತಿತ್ತು. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯ್ತು. ಅವ್ವ ಆ ದಿನ ಮಾರಮ್ಮನ ಗುಡಿಗೆ ತಂಬಿಟ್ಟಿನ ಆರತಿ ತಗೊಂಡು ಹೋದಳು. ಹದಿನೈದು ದಿನ ಮನೆ ಮನೆಯಾಗಿತ್ತು. ಆಮೇಲೆ ಅಪ್ಪ ವಿಸ್ಕಿ ಅಂತ ಬರೆದಿರೋ ಟೆಟ್ರಾ ಪ್ಯಾಕಿಗೆ ಹೋದ. ಅದು ಸಾರಾಯಿಗಿಂತ ದುಬಾರಿ. ಅವ್ವನ ಓಲೆ ಹೋದದ್ದು ನಿಷೇಧದ ಆಚೆಗೇ. 2014ರಲ್ಲಿ ಮಂಡ್ಯದಲ್ಲಿ ಅಪ್ಪ ತೀರಿಕೊಂಡ, ಲಿವರ್ರು. 51 ವರ್ಷ.

ಇವೆರಡೂ, ನನ್ನ ಲೋಟದ್ದೂ ಅಪ್ಪನ ಕೊಟ್ಟೆಯದ್ದೂ, ಹೆಚ್ಚುಕಮ್ಮಿ ಒಂದೇ ತಾಯಿಯ ಮಕ್ಕಳು. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿ ಹುಳಿಬರಿಸಿ ಭಟ್ಟಿ ಇಳಿಸಿದರೆ ಸ್ಪಿರಿಟ್ಟು. ಅದನ್ನ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ರಮ್ಮು, ನೀರು ಬೆರೆಸಿ ಕೊಟ್ಟೆಗೆ ತುಂಬಿದರೆ ಸಾರಾಯಿ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ, ನಮ್ಮ ಬಾಯಲ್ಲಿ ಮೈಷುಗರ್, ಶುರುವಾದದ್ದು 1933ರಲ್ಲಿ. ಅದರ ಜೊತೆಗೊಂದು ಡಿಸ್ಟಿಲರಿಯೂ ಇತ್ತು. ಅದೇ 1933ರ ಡಿಸೆಂಬರಿನಲ್ಲಿ ಅಮೆರಿಕದ ಪಾನನಿಷೇಧ ಮುಗಿಯಿತು. ಅದರ ಬೆನ್ನಿಗೇ ಹಾಲಿವುಡ್ಡಿನಲ್ಲಿ ಅರ್ನೆಸ್ಟ್ ಗ್ಯಾಂಟ್ ಅನ್ನೋನು 'ಡಾನ್ ದ ಬೀಚ್‌ಕೋಂಬರ್' ಅಂತ ಹೆಸರಿಟ್ಟುಕೊಂಡು ಮೊದಲ ಟಿಕಿ ಬಾರು ತೆರೆದ. ಯಾಕೆ ರಮ್ಮು ಅಂದರೆ ಅಗ್ಗವಾಗಿ ಸಿಗ್ತಿತ್ತು, ಅಷ್ಟೇ. ಅಗ್ಗದ್ದನ್ನ ಹೇಗೆ ರಾಜನ ಪಾನೀಯ ಮಾಡೋದು ಅಂತ ಅವನು ತಲೆ ಕೆಡಿಸಿಕೊಂಡ.

ಅವನ ಕಥೆ ಕೇಳಿದರೆ ನಮ್ಮ ಕಸುಬಿನವರಿಗೆ ಖುಷಿಯಾಗುತ್ತೆ. ರೆಸಿಪಿ ಕದ್ದಾರು ಅಂತ ಪಾಕದ ಬಾಟಲಿಗಳಿಗೆ ಹೆಸರೇ ಬರೀತಿರಲಿಲ್ಲ, ನಂಬರ್ ಹಾಕ್ತಿದ್ದ. ಬೆರೆಸೋರು ಹೆಚ್ಚಿನವರು ಫಿಲಿಪಿನೋ ಹುಡುಗರು, ಅವರಿಗೂ ಒಳಗೇನಿದೆ ಗೊತ್ತಿಲ್ಲ. ಸೋರ್ಸ್ ಕೋಡ್ ಕೊಡದೆ ಲೈಬ್ರರಿ ಕೊಟ್ಟ ಹಾಗೆ. ಡಾನ್ ಸತ್ತ ಮೇಲೆ ಜೆಫ್ ಬೆರಿ ಅನ್ನೋರು ಹಳೇ ಬಾರ್‌ಟೆಂಡರುಗಳನ್ನ ಹುಡುಕಿ, 1937ರ ಒಂದು ನೋಟ್‌ಬುಕ್ ಹಿಡಿದು, 'ಡಾನ್ಸ್ ಮಿಕ್ಸ್' ಅಂದರೆ ಗ್ರೇಪ್‌ಫ್ರೂಟ್ ರಸ ಮತ್ತು ದಾಲ್ಚಿನ್ನಿ ಪಾಕ ಅಂತ ಬಿಡಿಸಿದರು. 'ಜಾಂಬಿ' ಅನ್ನೋ ಡ್ರಿಂಕಿನ ಮೂಲ ರೆಸಿಪಿ ಪುಸ್ತಕದಲ್ಲಿ ಬಂದದ್ದು 2007ರಲ್ಲಿ. ನಮ್ಮೂರಲ್ಲಿ ಸಾರಾಯಿ ಅಂಗಡಿ ಮುಚ್ಚಿದ ವರ್ಷ. ಇದಕ್ಕೆ ಏನೂ ಅರ್ಥವಿಲ್ಲ, ಗೊತ್ತು, ಆದರೂ ನನಗೆ ಮರೆಯೋಕಾಗಲ್ಲ. ಆ ಜಾಂಬಿಯಲ್ಲಿ ಎಷ್ಟು ರಮ್ ಇರುತ್ತಿತ್ತು ಅಂದರೆ ಒಬ್ಬ ಗಿರಾಕಿಗೆ ಎರಡಕ್ಕಿಂತ ಹೆಚ್ಚು ಕೊಡ್ತಿರಲಿಲ್ಲ. ವ್ಯಾಪಾರದ ಟ್ರಿಕ್ಕೂ ಹೌದು. ಬೇಡ ಅಂದರೆ ತಾನೇ ಜನ ಬೇಕು ಅನ್ನೋದು. ಆದರೂ ಕೊಡೋನು ಲೆಕ್ಕ ಇಡ್ತಿದ್ದ. ನಮ್ಮೂರ ಅಂಗಡಿಯವನೂ ಲೆಕ್ಕ ಇಡ್ತಿದ್ದ, ಅದು ಸಾಲದ ಲೆಕ್ಕ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಅಪ್ಪನದ್ದು ಚಟ, ನನ್ನದು ಹವ್ಯಾಸ. ಹೀಗಂತ ನಾನೇ ಅಂದ್ಕೊಂಡಿದ್ದೆ, ಬಹಳ ಸಲೀಸಾಗಿ. ಒಂದು ರಾತ್ರಿ ಕೂತು ಈ ಎರಡು ಪದಗಳ ನಡುವೆ ಏನಿದೆ ಅಂತ ಹುಡುಕಿದರೆ ಮೊದಲಿಗೆ ಸಿಕ್ಕಿದ್ದು ನನ್ನ ಸಂಬಳ. ನಾನು ತಿಂಗಳಿಗೆ ಐದಾರು ಸಾವಿರ ಇದಕ್ಕೆ ಕಳೆದರೂ ನನ್ನ ಮಗಳ ಫೀಸು ನಿಲ್ಲಲ್ಲ. ಅಪ್ಪ ದಿನಕ್ಕೆ ಮೂವತ್ತು ರೂಪಾಯಿ ಕಳೆದರೆ ಒಲೆ ಹತ್ತುತ್ತಿರಲಿಲ್ಲ. ಹಾಗಾದರೆ ನಾನು ಒಳ್ಳೆಯವನಲ್ಲ, ಉಳ್ಳವನು. ಇವೆರಡು ಪದಗಳು ಕನ್ನಡದಲ್ಲಿ ಎಷ್ಟು ಹತ್ತಿರ ಕೂತಿವೆ ನೋಡಿ.

ಇನ್ನೊಂದು ವಾದ ಇದೆ, ಕಾಕ್‌ಟೈಲ್ ಪ್ರಿಯರು ಬಾಯಿ ತುಂಬ ಹೇಳೋದು. ರುಚಿಗೆ ಕುಡಿಯೋನು ಅಮಲಿಗೆ ಕುಡಿಯೋನಿಗಿಂತ ಬೇರೆ ಅಂತ. ನಿಂಬೆ ಹಿಂಡಿ, ಐಸು ಒಡೆದು, ಅಳೆದು, ಕುಲುಕಿ ಬರೋ ಹೊತ್ತಿಗೆ ಆಸೆಯೇ ಅರ್ಧ ತಣ್ಣಗಾಗಿರುತ್ತೆ ಅಂತ. ಸ್ವಲ್ಪ ನಿಜ. ಆದರೆ ರುಚಿಗೇ ಅಂತಿದ್ದರೆ ರಮ್ ಯಾಕೆ? ರಾಮನವಮಿಯ ಪಾನಕದಲ್ಲಿ ಬೆಲ್ಲ, ನಿಂಬೆ, ಏಲಕ್ಕಿ, ಶುಂಠಿ ಎಲ್ಲಾ ಇದೆಯಲ್ಲ. ಇಂಗ್ಲಿಷಿನ 'ಪಂಚ್' ಅನ್ನೋ ಪದ ನಮ್ಮ 'ಪಂಚ'ದಿಂದ, ಮದ್ಯ ಸಿಹಿ ಹುಳಿ ನೀರು ಮಸಾಲೆ ಅನ್ನೋ ಐದರಿಂದ ಹೋಯ್ತು ಅಂತ ಬಹಳ ಜನ ನಂಬುತ್ತಾರೆ. ಆ ಪದ ಮೊದಲು ಕಾಣೋದೂ ಭಾರತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯವನೊಬ್ಬ 1632ರಲ್ಲಿ ಬರೆದ ಕಾಗದದಲ್ಲಿ. ಟಿಕಿ ಡ್ರಿಂಕು ಅದರ ಮರಿಮೊಮ್ಮಗ. ಐದರಲ್ಲಿ ಒಂದನ್ನ ತೆಗೆದರೆ ಪಾನಕ. ಆ ಒಂದನ್ನ ತೆಗೆಯೋಕೆ ನನಗೆ ಇಷ್ಟವಿಲ್ಲ ಅನ್ನೋದೇ ಸತ್ಯ. ಎರಡನೇ ಲೋಟದ ಹೊತ್ತಿಗೆ ಆಫೀಸಿನ ಮ್ಯಾನೇಜರು ಒಳ್ಳೆ ಮನುಷ್ಯ ಅನ್ನಿಸುತ್ತೆ. ಅದು ನಿಂಬೆಹಣ್ಣಿನ ಗುಣವಲ್ಲ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಂದು ಮಾತು ಮಾತ್ರ ನಾನು ಬಿಟ್ಟುಕೊಡಲ್ಲ. ಆ ಪ್ಯಾಕೆಟ್ಟಿನಲ್ಲಿ ಒಂದು ತಿರಸ್ಕಾರ ಇತ್ತು. ಅದನ್ನ ಮಾಡಿದೋರು, ಮಾರಿದೋರು, ಹರಾಜು ಹಾಕಿದೋರು ಯಾರೂ ಅದನ್ನ ಕುಡಿಯೋನಿಗೆ ಒಂದು ನಾಲಿಗೆ ಇದೆ ಅಂತ ಲೆಕ್ಕಕ್ಕೆ ತಗೊಂಡಿರಲಿಲ್ಲ. ಬಡವನಿಗೆ ಬೇಕಿರೋದು ಬೀಳೋದು, ಬೇಗ ಬೀಳಿಸಿ ಸಾಕು. ನಮ್ಮಪ್ಪನ ನಾಲಿಗೆ, ಮೂಗು ಎಂಥದ್ದು ಅಂತ ನಾನು ಹೇಳಿದೆನಲ್ಲ, ಕತ್ತಲಲ್ಲಿ ವಾಸನೆ ಹಿಡಿದು ಕೊಪ್ಪರಿಗೆ ಇಳಿಸೋನು. ಅಚ್ಚಿನ ಬೆಲ್ಲದ ಚೂರು ಬಾಯಿಗೆ ಹಾಕಿ ಯಾವ ಗದ್ದೆಯ ಕಬ್ಬು ಅಂತ ಹೇಳೋನು. ಅಂಥವನು ತಾನೇ ಬೆಳೆದ ಕಬ್ಬಿನ ಕೊನೆಯ ಕಸವನ್ನ ಮೂಗು ಮುಚ್ಚಿಕೊಂಡು ನುಂಗ್ತಿದ್ದ. ಈಗ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನವರು ಬರೀ ಬೆಲ್ಲದಿಂದಲೇ ರಮ್ ಇಳಿಸಿ, ಅದಕ್ಕೆ 'ಬೆಲ್ಲ' ಅಂತಲೇ ಹೆಸರಿಟ್ಟು ಮಾರ್ತಿದ್ದಾರೆ. ನನಗೆ ಸಂತೋಷವೇ. ಅದು ಯಾವ ಆಲೆಮನೆಯವನ ಕೈಗೂ ಎಟುಕೋ ಬೆಲೆಯಲ್ಲಿಲ್ಲ.

ಇದನ್ನ ಒಬ್ಬ ಗೆಳೆಯನಿಗೆ ಹೇಳಿದೆ. ಅವನ ಅಪ್ಪನೂ ಇದೇ ಪೈಕಿ. "ನಿಮ್ಮಪ್ಪನಿಗೆ 17 ವರ್ಷದ ಜಮೈಕಾ ರಮ್ ಕೊಟ್ಟಿದ್ದರೆ ನಿಮ್ಮವ್ವನಿಗೆ ಹೊಡೀತಿರಲಿಲ್ವಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಹೊಡೀತಿದ್ದ ಅಂತಲೇ ಅನ್ನಿಸುತ್ತೆ. ಪೆಟ್ಟು ತಿನ್ನೋರಿಗೆ ಕುಡಿದದ್ದರ ಗುಣಮಟ್ಟ ಕಟ್ಟಿಕೊಂಡು ಏನಾಗಬೇಕು.

ಟಿಕಿಯ ಲೋಟದ ವಿಷಯ ಬಾಕಿ ಉಳೀತು. ಮಾವೋರಿಗಳ ಕೆಲವು ಕಥೆಗಳಲ್ಲಿ ಟಿಕಿ ಅಂದರೆ ಮೊದಲ ಮನುಷ್ಯ. ಪೆಸಿಫಿಕ್ಕಿನ ಬೇರೆ ದ್ವೀಪಗಳಲ್ಲಿ ದೇವರ, ಹಿರೀಕರ ಕೆತ್ತನೆ. ಆ ಮುಖವನ್ನ ಲೋಟ ಮಾಡಿ ಸ್ಟ್ರಾ ಚುಚ್ಚಿದ್ದಾರೆ. ಅಮೆರಿಕದಿಂದ ನಾನೂ ಅಂಥದ್ದೊಂದು ತಂದಿದ್ದೆ. ಷೋಕೇಸಿನಲ್ಲಿ ನೋಡಿದ ಅವ್ವ, "ಯಾವ ದ್ಯಾವ್ರುಲಾ ಇದು?" ಅಂತ ಕೇಳಿ, ನಾನು ಉತ್ತರ ಕೊಡೋದ್ರೊಳಗೆ ಅಭ್ಯಾಸಬಲದಿಂದ ಕೈ ಮುಗಿದಳು. ಚಾಮುಂಡಿಬೆಟ್ಟದ ಮಹಿಷಾಸುರನ ಮುಖದಲ್ಲಿ ಯಾರಾದರೂ ಬಿಯರ್ ಮಗ್ ಮಾಡಿದರೆ ಈ ಊರು ಒಂದು ದಿನ ಸುಮ್ಮನಿರಲ್ಲ, ಅವನು ರಾಕ್ಷಸ ಆದರೂ. ಆ ಲೋಟದಲ್ಲಿ ಈಗ ಪೆನ್ನು ಇಟ್ಟಿದ್ದೀನಿ. ಅದೂ ಸರಿಯಾ ಗೊತ್ತಿಲ್ಲ.

ಹುಡುಕಾಟದ ಕೊನೆಗೆ ಸಿಕ್ಕಿದ್ದು ಒಬ್ಬ ಹುಡುಗ. ರಿಂಗ್ ರೋಡಿನ ಒಂದು ಸಾಧಾರಣ ಬಾರು, ಟಿವಿಯಲ್ಲಿ ಕ್ರಿಕೆಟ್ಟು. ಕೌಂಟರಿನ ಹಿಂದೆ ಮಳವಳ್ಳಿ ಕಡೆ ಮಾತಿನ ಹುಡುಗ. ಮೈ ತಾಯ್ ಅಂದೆ. "ಬ್ಯಾಡಿ ಸಾರ್, ನಮ್ ತಾವ್ ಅದು ಚೆನ್ನಾಗ್ ಬರಕ್ಕಿಲ್ಲ. ಬಾದಾಮ್ ಸಿರಪ್ ಇಲ್ಲ, ಇದ್ದದ್ದರಲ್ಲಿ ಮಾಡಿದ್ರೆ ಕಾಸು ದಂಡ" ಅಂದ. ನಾಲ್ಕು ತಿಂಗಳಲ್ಲಿ ಯಾರೂ ನನಗೆ ಇಲ್ಲ ಅಂದಿರಲಿಲ್ಲ. "ನಿಂಬೆಹಣ್ಣು ಇವತ್ತಿಂದೇ. ರಮ್ಮು, ನಿಂಬೆ, ಸಕ್ಕರೆ ಪಾಕ, ಐಸು, ಇಷ್ಟೇ ಹಾಕಿ ಕೊಡ್ಲಾ?" ಅಂತ ಕೇಳಿ ನನ್ನ ಕಣ್ಮುಂದೆಯೇ ಹಣ್ಣು ಕೊಯ್ದ. ಅವನಿಗೆ ಅದರ ಹೆಸರು ಡೈಕಿರಿ ಅಂತ ಗೊತ್ತಿತ್ತೋ ಇಲ್ಲವೋ. ನಾನು ಮೈಸೂರಿನಲ್ಲಿ ಕುಡಿದ ಅತ್ಯುತ್ತಮ ಡ್ರಿಂಕು ಅದು, 220 ರೂಪಾಯಿ. ಎರಡಾಯ್ತು. ಮೂರನೇದು ಕೇಳಿದಾಗ ಗ್ಲಾಸು ಒರೆಸ್ತಾ, "ಗಾಡೀಲಿ ಬಂದಿದ್ದೀರಾ ಸಾರ್?" ಅಂದ. ಹೌದು ಅಂದೆ. ಬಿಲ್ ತಂದಿಟ್ಟ. ಅವನಿಗೆ ಡಾನ್ ಯಾರೋ ಗೊತ್ತಿಲ್ಲ, ಓನರ್ ನೋಡಿದ್ದರೆ ಬೈತಿದ್ದನೇನೋ.

ಮೈ ತಾಯ್ ಮಾತ್ರ ಮನೆಯಲ್ಲೇ ಮಾಡೋದು ಅಂತ ತೀರ್ಮಾನಿಸಿದೆ. ದೇವರಾಜ ಮಾರ್ಕೆಟ್ಟಿನಲ್ಲಿ ಬಾದಾಮಿ, ಕಲ್ಲುಸಕ್ಕರೆ, ಪುದೀನ, ನಿಂಬೆ, ಎಲ್ಲಾ ಒಂದೇ ಸುತ್ತಿನಲ್ಲಿ ಸಿಕ್ಕಿತು. ಕೊಡಗಿನ ಕಿತ್ತಳೆಯ ಸಿಪ್ಪೆ ರಮ್ಮಿನಲ್ಲಿ ವಾರ ನೆನೆಹಾಕಿದ್ದೆ. ಇಷ್ಟು ದಿನ ಬಾರುಗಳಲ್ಲಿ ಹುಡುಕಿದ್ದು ಅವ್ವ ಹಬ್ಬದ ಸಾಮಾನು ತರೋ ಅಂಗಡಿ ಸಾಲಿನಲ್ಲಿ ಇತ್ತು.

ಶನಿವಾರ ಕುವೆಂಪುನಗರದ ಮನೆಯಲ್ಲಿ ಬಾದಾಮಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಪಾಕ ಕಾಸ್ತಾ ನಿಂತಿದ್ದೆ. ಅವ್ವ ಹಿಂದಿನ ದಿನ ಊರಿಂದ ಬಂದಿದ್ದಳು. ವಾಸನೆಗೆ ಅಡುಗೆಮನೆಗೆ ಬಂದು, ಸೌಟಿನಿಂದ ಎರಡು ಹನಿ ಬೆರಳಿಗೆ ತಗೊಂಡು ಎಳೆ ನೋಡಿ, "ಇನ್ನೊಸಿ ಕಾಯ್ಲಿ, ನೀರ್‌ನೀರಾಗೈತೆ" ಅಂದಳು. ಉರಿ ಸಣ್ಣ ಮಾಡಿದಳು. ಮಗೂಗೆ ಬಾದಾಮಿ ಹಾಲು ಅಂದುಕೊಂಡಿದ್ದಳು. ಆಮೇಲೆ ಕಟ್ಟೆ ಮೇಲಿದ್ದ ಬಾಟಲಿ ಕಂಡಿತು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ಬಾಟಲಿ ಕಣ್ಮುಂದೆ ಇತ್ತು. ಅವ್ವ ಬಹಳ ಹೊತ್ತು ಪಾಕ ತಿರುವುತ್ತಾ ನಿಂತಳು.

"ಏಸ್ ಲೋಟ ಕುಡೀತೀಯೆ?"

"ಎರಡೇ ಕಣವ್ವ."

"ನಿಮ್ಮಪ್ಪನೂವೆ ಎಲ್ಡೇ ಅನ್ನೋನು" ಅಂದಳು. ಒಲೆ ಆರಿಸಿ, ಪಾಕವನ್ನ ಎರಡು ಪಾತ್ರೆಗೆ ಬಗ್ಗಿಸಿದಳು. ಒಂದು ಸಣ್ಣದು, ಒಂದು ದೊಡ್ಡದು. ದೊಡ್ಡದಕ್ಕೆ ಹಾಲು ಹಾಕಿ ಮೊಮ್ಮಗಳನ್ನ ಕೂಗಿದಳು. ಸಣ್ಣದನ್ನ ನನ್ನ ಕಡೆ ತಳ್ಳಿ ಹೊರಗೆ ಹೋದಳು.